ಶಾಖ ತಡೆಯದವರು

ಶಾಖ ತಡೆಯಲಾಗದಿದ್ದರೆ ಅಡುಗೆಮನೆಯಿಂದ ಹೊರಗೆ ನಡೆ ಎನ್ನುವ ನುಡಿಗಟ್ಟೊಂದು ಇಂಗ್ಲಿಷಿನಲ್ಲಿದೆ. ಟೀಕೆ ಸಹಿಸಲಾಗದವರು ಜವಾಬ್ದಾರಿಯ ಜಾಗಕ್ಕೆ ಬರಬಾರದು ಎಂದು ಅದರ ತಾತ್ಪರ್ಯ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್. 1952ರಲ್ಲಿ, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಸಾರಿದ ಮೇಲೆ, ಗೆಳೆಯ ಹ್ಯಾರಿ ವಾನ್ ಹೇಳುತ್ತಿದ್ದ ಮಾತೆಂದು ಇದನ್ನು ಬಳಸಿದ್ದರು. ಹೊರಗೆ ಹೊರಟು ನಿಂತವರ ಮಾತು ಎನ್ನಿ!

ನನ್ನ ತಕರಾರು ಇಲ್ಲೇ. ಅಡುಗೆಮನೆಯಿಂದ ಎದ್ದು ಹೋಗಬಲ್ಲವರಿಗೆ ಮಾತ್ರ ಹೊಳೆಯುವ ಉಪಮೆ ಇದು. ಸಾರಿಗೆ ಉಪ್ಪು ಹೆಚ್ಚಾಯಿತು, ಪಲ್ಯ ತಳ ಹಿಡಿಯಿತು ಎಂದಾಗಲೆಲ್ಲ ನಾವು ಸೌಟು ಕೆಳಗಿಟ್ಟು ನಡೆದುಬಿಟ್ಟರೆ ರಾತ್ರಿ ಊಟಕ್ಕೇನು ಗತಿ? ಅದೂ ಹೋಗಲಿ. ಶಾಖ ತಾನಾಗಿಯೇ ಹುಟ್ಟಿತೆಂಬಂತೆ ಈ ಮಾತು ಕೇಳಿಸುತ್ತದೆ. ಒಲೆಗೆ ಸೌದೆ ಒಟ್ಟಿದವರು ಯಾರೆಂದು ಕೇಳುವುದಿಲ್ಲ. ಲೆಕ್ಕ ತಪ್ಪಿದೆ ಎಂದರೆ ಅದು ಟೀಕೆ, ತಿದ್ದಿಕೊಳ್ಳೋಣ. ಸಭೆಯಲ್ಲಿ ಎದ್ದು ಮಾತಾಡಿದ ಹೆಂಗಸಿನ ಸೀರೆ, ದನಿ, ನಡತೆಯ ಮೇಲೆ ಕೊಂಕು ತೆಗೆದರೆ ಅದೂ ಟೀಕೆಯೇ? ಎರಡನ್ನೂ ಶಾಖ ಎಂದು ಒಂದೇ ಪಾತ್ರೆಗೆ ಸುರಿದು, ತಡೆಯದಿದ್ದರೆ ಹೋಗಮ್ಮ ಎನ್ನುವುದು ಬಲು ಸುಲಭ.

2008ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಸೆಣಸುತ್ತಿದ್ದ ಹಿಲರಿ ಕ್ಲಿಂಟನ್ ಟ್ರೂಮನ್ನರ ಈ ಮಾತನ್ನು ನೆನೆದು, ಅಡುಗೆಮನೆಯಲ್ಲಿ ತಾವು ಹಾಯಾಗಿಯೇ ಇದ್ದೇವೆ ಎಂದರು. ಜಾಣ ಉತ್ತರವೇ. ಆದರೆ ಸೌದೆ ಒಟ್ಟಿದವರು ಪಾರಾದರು.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುತ್ತದೆ ನಮ್ಮ ಗಾದೆ. ಅದೂ ಗಟ್ಟಿಯಾಗು ಎಂದೇ ಹೇಳುವುದು. ಆದರೆ ಯಾರನ್ನೂ ದಡಕ್ಕೆ ಅಟ್ಟುವುದಿಲ್ಲ.