ಇಲಿಯ ರಕ್ತಕ್ಕೆ ಮನುಷ್ಯನ ಅಳತೆಗೋಲು

ಹುನ್ನೂರದವರು ಜ್ವರ ಬಿಡಲಿಲ್ಲವೆಂದು ಜಮಖಂಡಿಗೆ ಹೋಗಿ ರಕ್ತ ಕೊಟ್ಟರೆ ಸಂಜೆ ಕೈಗೆ ಬರುವ ರಿಪೋರ್ಟಿನಲ್ಲಿ ‘ಪಾಲಿ 64, ಲಿಂಫೋ 30, ಇಯೋಸಿನೋ 4, ಮೋನೋ 2’ ಎಂಬಂಥ ಸಾಲೊಂದು ಇರುತ್ತದೆ. ಯಂತ್ರವಿಲ್ಲದ ಲ್ಯಾಬಿನಲ್ಲಿ ಆ ಅಂಕಿಗಳನ್ನು ಕೊಡುವುದು ಟೆಕ್ನೀಷಿಯನ್ನರ ಕಣ್ಣು. ರಕ್ತದ ಹನಿಯನ್ನು ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಲೀಶ್ಮನ್ ಬಣ್ಣ ಹಾಕಿ, ನೂರು ಬಿಳಿ ಕಣಗಳನ್ನು ಮುಖ್ಯವಾಗಿ ಕೋಶಕೇಂದ್ರದ ಆಕಾರ ನೋಡಿಯೇ ವಿಂಗಡಿಸುತ್ತಾರೆ. ಕೇಂದ್ರ ಹಲವು ಹಾಲೆಗಳಾಗಿದ್ದರೆ ಪಾಲಿ, ಅಂದರೆ ನ್ಯೂಟ್ರೋಫಿಲ್; ದುಂಡಗೆ ಕಣವನ್ನೇ ತುಂಬಿಕೊಂಡಿದ್ದರೆ ಲಿಂಫೋ, ಕುದುರೆಲಾಳದಂತಿದ್ದರೆ ಇನ್ನೂ ಬಲಿಯದ ಎಳೆಯ ಕಣ; ಎಳೆಯವು ಹೆಚ್ಚಿದರೆ ಸೋಂಕಿನ ಗುಮಾನಿ. 1904ರಲ್ಲಿ ಜರ್ಮನಿಯ ಆರ್ನೆತ್ ಹಾಲೆಗಳನ್ನು ಎಣಿಸಿಯೇ ಕಣದ ವಯಸ್ಸು ಹೇಳಲು ಹೊರಟಿದ್ದ. ಅಗ್ಗದ, ಚುರುಕಿನ ವಿದ್ಯೆ ಇದು. ಮನುಷ್ಯರ ಮಟ್ಟಿಗೆ ನನಗೆ ಇದರ ಮೇಲೆ ದೊಡ್ಡ ತಕರಾರಿಲ್ಲ.

ತಕರಾರು ಶುರುವಾಗುವುದು ಇದೇ ಪಾಠವನ್ನು ಪ್ರಯೋಗಾಲಯದ ಇಲಿಗೆ ಹಚ್ಚಿದಾಗ. ಮೊದಲಿಗೆ ಲೆಕ್ಕವೇ ತಲೆಕೆಳಗು. ನಮ್ಮಲ್ಲಿ ನ್ಯೂಟ್ರೋಫಿಲ್‌ಗಳದ್ದೇ ಮೇಲುಗೈ. ಆರೋಗ್ಯವಂತ ಇಲಿಯ ಬಿಳಿ ಕಣಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಲಿಂಫೋಸೈಟ್‌ಗಳು. ಅದಾದರೂ ಪಟ್ಟಿ ನೋಡಿ ಸರಿಪಡಿಸಿಕೊಳ್ಳಬಹುದು, ಆಕಾರದ ಗೊಂದಲ ಹಾಗಲ್ಲ. ಇಲಿಯ ನ್ಯೂಟ್ರೋಫಿಲ್ ಮಜ್ಜೆಯಲ್ಲಿ ಬೆಳೆಯುವಾಗ ಅದರ ಕೇಂದ್ರದ ನಡುವೆ ತೂತು ಬೀಳುತ್ತದೆ. ತೂತು ಅಗಲವಾಗುತ್ತ ಉಂಗುರವಾಗುತ್ತದೆ, ಆ ಉಂಗುರ ಅಲ್ಲಲ್ಲಿ ಹಿಸುಕಿದಂತಾಗಿ ತಿರುಚಿಕೊಳ್ಳುತ್ತದೆ. ಬಲಿತ ಕಣದಲ್ಲೂ ಉಂಗುರ ಉಳಿದಿರಬಹುದು. ಇಯೋಸಿನೋಫಿಲ್‌ಗೂ ಉಂಗುರವೇ, ಮಜ್ಜೆಯ ಮೋನೋಸೈಟಿನಲ್ಲೂ ಅದು ಕಾಣಸಿಗುತ್ತದೆ. ಮನುಷ್ಯರ ಸ್ಲೈಡಿನಲ್ಲಿ ಪಳಗಿದ ಕಣ್ಣು ಇವನ್ನೆಲ್ಲ ‘ಎಳೆಯ ಕಣ’ದ ಖಾತೆಗೆ ಹಾಕಿದರೆ ಇಲ್ಲದ ಸೋಂಕು ಹುಟ್ಟಿಕೊಳ್ಳುತ್ತದೆ.

ಹಾಗಾದರೆ ಯಾವುದನ್ನು ನಂಬಬೇಕು? ಇಯೋಸಿನೋಫಿಲ್ಲನ್ನು ಬಿಟ್ಟುಕೊಡುವುದು ಅದರ ಕೆಂಪು ಕಾಳುಗಳು, ಕೇಂದ್ರವಲ್ಲ. ಆ ಬಣ್ಣಕ್ಕೂ 6.8ರ ಸುಮಾರಿನ ಪಿಎಚ್ ಇರುವ ಬಫರ್ ಬೇಕು. ಅದರ ಬದಲು ಬೋರಿನ ಕ್ಷಾರದ ನೀರು ಸುರಿದರೆ ಸ್ಲೈಡೆಲ್ಲ ನೀಲಿ ಅಡರಿ ಕೆಂಪು ಮಂಕಾಗುತ್ತದೆ.

ಆಕಾರವೇ ಗುಣವಲ್ಲ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಮನುಷ್ಯರಲ್ಲೇ ಇದೆ. 1928ರಲ್ಲಿ ಪೆಲ್ಗರ್ ಎಂಬ ಡಚ್ ವೈದ್ಯ ಎರಡೇ ಹಾಲೆಗಳ ನ್ಯೂಟ್ರೋಫಿಲ್‌ಗಳನ್ನು ವರ್ಣಿಸಿದ; ಅದು ವಂಶಪಾರಂಪರ್ಯವೆಂದು 1931ರಲ್ಲಿ ಹುಯೆಟ್ ತೋರಿಸಿದ. ಲ್ಯಾಮಿನ್ ಬಿ ಗ್ರಾಹಕ ಎಂಬ ಪ್ರೋಟೀನಿನ ವಂಶವಾಹಿಯ ಒಂದು ಪ್ರತಿ ಕೆಟ್ಟರೆ ಹೀಗಾಗುತ್ತದೆ, ಆದರೂ ಆ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ತಿಳಿಯದವರು ಅವನ ಸ್ಲೈಡು ನೋಡಿ ಸೋಂಕೆಂದು ಗಾಬರಿಯಾಗುತ್ತಾರೆ, ಅಷ್ಟೆ. ಇಲಿಗಳಲ್ಲಿ ಅದೇ ವಂಶವಾಹಿಯ ಎರಡೂ ಪ್ರತಿ ಕೆಟ್ಟಾಗ ಕೇಂದ್ರ ಹಾಲೆಯೊಡೆಯದೆ ಉಳಿಯುತ್ತದೆ.

ಇನ್ನು ನೂರರ ಲೆಕ್ಕ. ನಿಜದಲ್ಲಿ ನೂರಕ್ಕೆ 10 ಇರುವ ಕಣ, ನೂರೇ ಎಣಿಸಿದಾಗ ಬರೀ ಅದೃಷ್ಟದಾಟದಿಂದ 5 ಅಥವಾ 16 ಎಂದೂ ಬರಬಹುದು. ಇಲಿಯಲ್ಲಿ ನ್ಯೂಟ್ರೋಫಿಲ್‌ಗಳೇ ಕಡಿಮೆಯಾದ್ದರಿಂದ ಪೆಟ್ಟು ಬೀಳುವುದು ಅವಕ್ಕೇ. ಫ್ಲೋ ಸೈಟೋಮೀಟರ್ ಯಂತ್ರವಾದರೆ ನ್ಯೂಟ್ರೋಫಿಲ್‌ಗಳ ಮೇಲಿನ ಲೈ6ಜಿ ಎಂಬ ಗುರುತಿಗೆ ಅಂಟುವ ಪ್ರತಿಕಾಯ ಬಳಸಿ ಸಾವಿರಾರು ಕಣಗಳನ್ನು ನಿಮಿಷಗಳಲ್ಲಿ ಬೇರ್ಪಡಿಸುತ್ತದೆ. ಅದು ದುಬಾರಿ, ಮೇಲಾಗಿ ಕಣಗಳು ಗುಂಪುಗಟ್ಟಿರುವುದನ್ನು, ಒಡೆದಿರುವುದನ್ನು ಸ್ಲೈಡಿನಂತೆ ಕಣ್ಣಿಗೆ ತೋರಿಸುವುದಿಲ್ಲ. ಸ್ಲೈಡನ್ನು ಕೈಬಿಡಿ ಎಂದು ನಾನು ಹೇಳಲಾರೆ. ಆದರೆ ಇಲಿಯ ರಕ್ತದ ವರದಿ ಬರೆಯುವವರು ಎಷ್ಟು ಕಣ ಎಣಿಸಿದ್ದೆಂದೂ ಉಂಗುರ ಕೇಂದ್ರದವನ್ನು ಯಾವ ಖಾತೆಗೆ ಹಾಕಿದ್ದೆಂದೂ ಪಟ್ಟಿಯ ಕೆಳಗೆ ಬರೆಯದಿದ್ದರೆ, ಆ ಪಟ್ಟಿಯನ್ನು ಇನ್ನೊಂದು ಲ್ಯಾಬಿನ ಪಟ್ಟಿಯ ಪಕ್ಕ ಇಟ್ಟು ನೋಡಲು ಬರುವುದಿಲ್ಲ.