ಡಾಕ್ಟರಾಗುವ ಆಸೆಗೆ ತಣ್ಣೀರು

ಪ್ಯಾಂಥರ್ ಅನ್ನೋ ಹೆಸರು ನಮ್ಮ ಚಳವಳಿಯ ಹುಡುಗರಿಗೆ ಹೊಸದಲ್ಲ. 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟಾಗ, ಆ ಹೆಸರನ್ನು ತಂದದ್ದು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಆ ಪಕ್ಷ ಹುಟ್ಟಿದ್ದು 1966ರಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಪಟ್ಟಣದಲ್ಲಿ. ಅದನ್ನು ಕಟ್ಟಿದ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಓದಿದ್ದು ಹಾರ್ವರ್ಡಿನಲ್ಲಲ್ಲ. ಆ ಊರಿನ ಮೆರಿಟ್ ಕಾಲೇಜಿನಲ್ಲಿ. ಹೆಸರು ಕೇಳಿ ಮೋಸಹೋಗಬೇಡಿ; ಇದು ನಮ್ಮ ‘ಮೆರಿಟ್ ಸೀಟಿ’ನ ಮೆರಿಟ್ ಅಲ್ಲ, ಅದೊಂದು ಅಡ್ಡಹೆಸರು. ಅದು ಎರಡು ವರ್ಷದ ಸರ್ಕಾರಿ ಕಾಲೇಜು. ಇಂಥ ಕಾಲೇಜುಗಳನ್ನು ಅಲ್ಲಿ ಕಮ್ಯುನಿಟಿ ಕಾಲೇಜು ಅಂತಾರೆ.

ಈ ಕಾಲೇಜುಗಳ ಬಡ ಹುಡುಗ ಹುಡುಗಿಯರನ್ನು ಡಾಕ್ಟರ್ ಮಾಡಲು ‘ಸಹಾಯ’ ಮಾಡಬೇಕು ಅನ್ನೋ ಮಾತು ಅಮೆರಿಕದಲ್ಲಿ ಕೆಲವು ವರ್ಷಗಳಿಂದ ಜೋರಾಗಿದೆ. ಯೋಜನೆಗಳು ಬಂದಿವೆ, ಹಣ ಬಿಡುಗಡೆಯಾಗಿದೆ. ಒಳ್ಳೆಯದೇ. ಆದರೆ ಸಹಾಯ ಎನ್ನುವ ಶಬ್ದವನ್ನು ನಾವು ಸುಮ್ಮನೆ ನುಂಗುವ ಜನ ಅಲ್ಲ. ಮೇಲಿದ್ದವನು ಕೆಳಗಿದ್ದವನಿಗೆ ಕೈ ಚಾಚುವುದನ್ನು ಸಹಾಯ ಅನ್ನುತ್ತಾರೆ. ಅವನು ಕೆಳಗೆ ಹೇಗೆ ಬಿದ್ದ, ಯಾರು ತಳ್ಳಿದರು ಎಂಬ ಪ್ರಶ್ನೆ ಈ ಶಬ್ದದೊಳಗೆ ಇಲ್ಲ. ಆ ಪ್ರಶ್ನೆಯನ್ನು ಇಲ್ಲಿ ಕೇಳಬೇಕಾಗಿದೆ.

ಮೊದಲು ಆ ಕಾಲೇಜು ಏನೆಂದು ತಿಳಿಯೋಣ. ಹೈಸ್ಕೂಲು ಮುಗಿಸಿದ ಯಾರೇ ಹೋದರೂ ಸೇರಿಸಿಕೊಳ್ಳಬೇಕು. ಅಂಕ ಕಡಿಮೆ ಅಂತ ವಾಪಸ್ ಕಳಿಸುವಂತಿಲ್ಲ. ಇಂಥ ಮೊದಲ ಸರ್ಕಾರಿ ಕಾಲೇಜು ಶುರುವಾದದ್ದು 1901ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಪಾಠಕ್ಕೆ ಬರುವವರು, ಮಕ್ಕಳಾದ ಮೇಲೆ ಮತ್ತೆ ಓದಲು ಕೂತ ತಾಯಂದಿರು, ಮೆಕ್ಸಿಕೋದಿಂದ ಬಂದ ಹೊಲದ ಕೂಲಿಗಳ ಮಕ್ಕಳು, ಕಪ್ಪು ಜನರ ಕೇರಿಯ ಮಕ್ಕಳು ಇಲ್ಲಿಗೆ ಬರುತ್ತಾರೆ. ಎರಡು ವರ್ಷ ಓದಿ, ಅಲ್ಲಿಂದ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿ ಇನ್ನೆರಡು ವರ್ಷದಲ್ಲಿ ಡಿಗ್ರಿ ಮುಗಿಸಬಹುದು. ಅಲ್ಲಿ ನಮ್ಮ ಹಾಗೆ ಪಿ.ಯು.ಸಿ. ಆದ ಕೂಡಲೇ ಎಂ.ಬಿ.ಬಿ.ಎಸ್. ಇಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ನಾಲ್ಕು ವರ್ಷ ವೈದ್ಯಕೀಯ ಕಾಲೇಜು, ಅದಾದ ಮೇಲೆ ಆಸ್ಪತ್ರೆಯಲ್ಲಿ ಮೂರರಿಂದ ಏಳು ವರ್ಷದ ತರಬೇತಿ.

ದಾರಿ ಇದೆ ಅಂತಾಯಿತು. ಎಷ್ಟು ಜನ ನಡೆದರು? ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಡಿಗ್ರಿ ಮಾಡುವ ಆಸೆ. ಆರು ವರ್ಷದೊಳಗೆ ಡಿಗ್ರಿ ಕೈಗೆ ಬರುವುದು ನೂರಕ್ಕೆ ಸುಮಾರು 16 ಮಂದಿಗೆ. ಉಳಿದವರ ಆಸೆ ಎಲ್ಲಿ ಹೋಯಿತು?

ಈ ಪ್ರಶ್ನೆಗೆ 1960ರಲ್ಲೇ ಒಬ್ಬ ಸಮಾಜಶಾಸ್ತ್ರಜ್ಞ ಉತ್ತರ ಬರೆದಿದ್ದ. ಬರ್ಟನ್ ಕ್ಲಾರ್ಕ್ ಅವನ ಹೆಸರು. ಇಂಥ ಕಾಲೇಜುಗಳು ಮಾಡುವ ಒಂದು ಗುಟ್ಟಿನ ಕೆಲಸವನ್ನು ಅವನು ಗುರುತಿಸಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ತಣ್ಣೀರೆರಚುವ ಕೆಲಸ. ಯಾರನ್ನೂ ಹೊಸ್ತಿಲಲ್ಲಿ ತಡೆಯುವುದಿಲ್ಲ, ಒಳಗೆ ಬಿಡುತ್ತಾರೆ. ಬಿಟ್ಟ ಮೇಲೆ ಒಂದು ಪರೀಕ್ಷೆ, ಒಂದು ಸಲಹೆ, ಮತ್ತೊಂದು ಸಲಹೆ ಅಂತ ಮೆಲ್ಲಗೆ ಆಸೆಯನ್ನು ಕೆಳಕ್ಕಿಳಿಸುತ್ತಾರೆ. ಡಾಕ್ಟರ್ ಆಗ್ತೀನಿ ಅಂದವಳಿಗೆ ಲ್ಯಾಬ್ ಕೆಲಸ ಕಲಿಯಮ್ಮಾ, ಬೇಗ ಸಂಬಳ ಬರುತ್ತೆ ಅನ್ನುವ ಸಲಹೆ. ಬೈಗುಳ ಇಲ್ಲ, ಅವಮಾನ ಇಲ್ಲ. ಕೊನೆಗೆ ಅವಳು ಅಂದುಕೊಳ್ಳುವುದು ನನಗೇ ಯೋಗ್ಯತೆ ಇರಲಿಲ್ಲ ಅಂತ. ವ್ಯವಸ್ಥೆಯ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಜಾತಿ ವ್ಯವಸ್ಥೆ ನಮಗೆ ಕಲಿಸಿದ ಪಾಠವೂ ಇದೇ ಅಲ್ಲವೇ? ಹಣೆಬರಹ ಅನ್ನುವ ಜಾಗದಲ್ಲಿ ಅವರು ಯೋಗ್ಯತೆ ಅಂತ ಬರೆದರು, ಅಷ್ಟೇ.

ತಣ್ಣೀರಿನ ಜೊತೆಗೆ ಲೆಕ್ಕಪತ್ರದ ಕಳ್ಳತನವೂ ಇದೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದಾಗ ಮೊದಲು ಓದಿದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, ಹೀಗೆ ಕಾಲೇಜು ಬದಲಿಸಿದವರು ಸರಾಸರಿ ನೂರಕ್ಕೆ 43ರಷ್ಟು ಕ್ರೆಡಿಟ್ಟುಗಳನ್ನು ಕಳೆದುಕೊಳ್ಳುತ್ತಾರೆ. ಕ್ರೆಡಿಟ್ಟು ಅಂದರೆ ಓದಿ ಪಾಸು ಮಾಡಿದ್ದರ ಲೆಕ್ಕ. ಕೂಲಿ ದುಡ್ಡಿನಲ್ಲಿ ಫೀಜು ಕಟ್ಟಿ ಪಾಸಾದ ವಿಷಯವನ್ನು ಮತ್ತೊಮ್ಮೆ ದುಡ್ಡು ಕಟ್ಟಿ ಓದಬೇಕು. ಅದೂ ಸಾಲದು ಅಂತ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ ಓದಿದವರನ್ನು ಕೆಲವು ವೈದ್ಯಕೀಯ ಕಾಲೇಜುಗಳು ಅನುಮಾನದಿಂದ ನೋಡುತ್ತವೆ. ಅದೇ ಪಾಠ, ಅದೇ ಪ್ರಯೋಗ. ಯಾವ ಲೋಟದಲ್ಲಿ ಕುಡಿದೆ ಅಂತ ಕೇಳುವ ಹೋಟೆಲುಗಳನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅನುಮಾನ ಇವತ್ತಿನದಲ್ಲ. ಅದರ ಬೇರು 1910ರಲ್ಲಿ ಬಂದ ಒಂದು ವರದಿಯಲ್ಲಿದೆ. ಅಬ್ರಹಾಂ ಫ್ಲೆಕ್ಸ್‌ನರ್ ಎಂಬಾತ ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ ಬರೆದ ವರದಿ ಅದು. ಅವನು ಡಾಕ್ಟರನಲ್ಲ, ಶಾಲಾ ಮೇಷ್ಟ್ರು. ಅವನು ಬರೆದದ್ದೆಲ್ಲ ಸುಳ್ಳು ಅಂತ ನಾವು ಹೇಳಲಾರೆವು. ದುಡ್ಡು ತೆಗೆದುಕೊಂಡು ಸರ್ಟಿಫಿಕೇಟು ಕೊಡುವ ಅಂಗಡಿಗಳು ಆಗ ಬೇಕಾದಷ್ಟಿದ್ದವು. ಅವು ಮುಚ್ಚಿದ್ದು ರೋಗಿಗಳ ಪುಣ್ಯ. ಆದರೆ ಅದೇ ವರದಿಯಲ್ಲಿ ಕಪ್ಪು ಜನರ ವೈದ್ಯಶಿಕ್ಷಣದ ಮೇಲೆ ಒಂದು ಪುಟ್ಟ ಅಧ್ಯಾಯ ಇದೆ. ವಿಮರ್ಶೆ ಮಾಡುವವರು ಓದಬೇಕಾದದ್ದು ಅದನ್ನು. ಕಪ್ಪು ಡಾಕ್ಟರುಗಳು ತಮ್ಮ ಜನಕ್ಕೆ ಮಾತ್ರ ಚಿಕಿತ್ಸೆ ಕೊಡಲಿ ಎನ್ನುವುದು ಅಲ್ಲಿನ ಧೋರಣೆ. ಅವರಿಗೆ ಶಸ್ತ್ರಚಿಕಿತ್ಸೆಗಿಂತ ಶುಚಿತ್ವದ ಪಾಠ ಮುಖ್ಯ. ಯಾಕೆ? ಅವರ ಕೇರಿಯ ರೋಗ ಬಿಳಿಯರ ಮನೆಗೂ ಬರುತ್ತದಲ್ಲ, ಅದಕ್ಕೆ! ಕಪ್ಪು ಮಗುವಿನ ಜೀವಕ್ಕೆ ಬೆಲೆ ಇದೆ ಅನ್ನುವುದು ಆಮೇಲಿನ ಮಾತು.

ಆಗ ಕಪ್ಪು ಜನರ ವೈದ್ಯಕೀಯ ಶಾಲೆಗಳು ಏಳು ಇದ್ದವು. ವಾಷಿಂಗ್ಟನ್ನಿನ ಹೋವರ್ಡ್, ನ್ಯಾಶ್‌ವಿಲ್‌ನ ಮೆಹ್ಯಾರಿ ಎರಡನ್ನು ಬಿಟ್ಟು ಉಳಿದವು ಪ್ರಯೋಜನವಿಲ್ಲ ಎಂದು ಫ್ಲೆಕ್ಸ್‌ನರ್ ಬರೆದ. 1923ರ ಹೊತ್ತಿಗೆ ಆ ಐದೂ ಮುಚ್ಚಿದವು. ಬಡ ಶಾಲೆಗೆ ಪ್ರಯೋಗಾಲಯ ಇಲ್ಲ ಅಂದರೆ ಪ್ರಯೋಗಾಲಯ ಕಟ್ಟಿಸಿಕೊಡಬಹುದಿತ್ತು. ಶಾಲೆಯನ್ನೇ ಮುಚ್ಚಿದರು. ಆ ಐದು ಉಳಿದಿದ್ದರೆ ಎಷ್ಟು ಡಾಕ್ಟರುಗಳು ಹೊರಬರುತ್ತಿದ್ದರು ಅಂತ 2020ರಲ್ಲಿ ಸಂಶೋಧಕರು ಅಂದಾಜು ಮಾಡಿದರು: ಸುಮಾರು 35 ಸಾವಿರ. ಅದೇ ವರ್ಷ ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ ತನ್ನ ಒಂದು ಪ್ರಶಸ್ತಿಯಿಂದ ಫ್ಲೆಕ್ಸ್‌ನರನ ಹೆಸರನ್ನು ತೆಗೆದುಹಾಕಿತು. ಹೆಸರು ತೆಗೆದದ್ದು ಸರಿ. 35 ಸಾವಿರದ ಲೆಕ್ಕ ಯಾರು ಕೊಡುತ್ತಾರೆ?

ಈ ಇತಿಹಾಸ ಇಟ್ಟುಕೊಂಡು ನೋಡಿದರೆ ಸಹಾಯದ ಬಣ್ಣ ಬೇರೆ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಲ್ಯಾಟಿನೊ ಜನ, ಅಂದರೆ ಮೆಕ್ಸಿಕೋ ಮತ್ತಿತರ ದಕ್ಷಿಣದ ದೇಶಗಳ ಮೂಲದವರು, ನೂರಕ್ಕೆ ಸುಮಾರು 40. ಅಲ್ಲಿನ ಡಾಕ್ಟರುಗಳಲ್ಲಿ ಅವರು ನೂರಕ್ಕೆ ಹತ್ತೂ ಇಲ್ಲ. ಇಡೀ ದೇಶದ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಆದಾಯದಲ್ಲಿ ಮೇಲಿನ ಐದನೇ ಎರಡು ಪಾಲಿನ ಮನೆಗಳಿಂದ. ಇದನ್ನು ಪ್ರತಿಭೆ ಅಂತ ಕರೆಯುವವರು ಕರೆಯಲಿ. ನಮಗೆ ಇದು ಆಸ್ತಿ ಹಂಚಿಕೆಯ ಪಟ್ಟಿಯ ಹಾಗೆ ಕಾಣುತ್ತದೆ.

ಪ್ರತಿಭೆಯ ಜಗಳ ಎರಡು ದೇಶಗಳಲ್ಲೂ ಕೋರ್ಟಿಗೆ ಹೋದದ್ದು ವೈದ್ಯಕೀಯ ಸೀಟುಗಳ ಮೇಲೇ. 1962ರಲ್ಲಿ ನಮ್ಮ ಮೈಸೂರು ಸರ್ಕಾರ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 68 ಸೀಟು ಮೀಸಲಿಟ್ಟಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಐವತ್ತರೊಳಗೆ ಇರಬೇಕು ಅಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಕಾಲೇಜು 1968ರಲ್ಲಿ ಶುರುವಾದಾಗ ಮೊದಲ ತರಗತಿಯ 50 ಮಂದಿಯಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿ ಇರಲಿಲ್ಲ, ಒಬ್ಬ ಮೆಕ್ಸಿಕನ್ ಮೂಲದವನೂ ಇರಲಿಲ್ಲ. ಆಮೇಲೆ ನೂರು ಸೀಟಿನಲ್ಲಿ 16 ಮೀಸಲಿಟ್ಟರು. ಅಲನ್ ಬಕ್ಕಿ ಎಂಬ ಬಿಳಿಯ ಇಂಜಿನಿಯರು ಕೋರ್ಟಿಗೆ ಹೋದ. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ 16ನ್ನೂ ಕಿತ್ತುಹಾಕಿತು. ಉಳಿದ 84ರ ಮೇಲೆ ಯಾರಿಗೂ ಹೊಟ್ಟೆಯುರಿ ಇರಲಿಲ್ಲ ಅನ್ನೋದನ್ನು ನೆನಪಿಡಿ. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 209ನೇ ಪ್ರಸ್ತಾವಕ್ಕೆ ಓಟು ಹಾಕಿ, ಸರ್ಕಾರಿ ಕಾಲೇಜುಗಳಲ್ಲಿ ಜನಾಂಗವನ್ನು ಪರಿಗಣಿಸುವುದನ್ನೇ ನಿಷೇಧಿಸಿದರು. 2023ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಹೆಚ್ಚುಕಡಿಮೆ ಅದನ್ನೇ ವಿಧಿಸಿತು. ಮರುವರ್ಷವೇ, 2024ರಲ್ಲಿ, ವೈದ್ಯಕೀಯ ಕಾಲೇಜಿಗೆ ಹೊಸದಾಗಿ ಸೇರಿದ ಕಪ್ಪು ವಿದ್ಯಾರ್ಥಿಗಳು ನೂರಕ್ಕೆ 11ಕ್ಕೂ ಹೆಚ್ಚು ಕಡಿಮೆಯಾದರು. ಮೂಲನಿವಾಸಿಗಳು 22ರಷ್ಟು ಕಡಿಮೆಯಾದರು.

ಹಾಗಾದರೆ ಕೈಕಟ್ಟಿ ಕೂರಬೇಕೆ? ಡೇವಿಸ್ ಕಾಲೇಜೇ ಒಂದು ದಾರಿ ಹುಡುಕಿತು. ಅಭ್ಯರ್ಥಿಯ ಜನಾಂಗ ಕೇಳುವಂತಿಲ್ಲ ಅಂದರೆ ಕಷ್ಟ ಎಷ್ಟು ದಾಟಿ ಬಂದ ಅಂತ ಕೇಳೋಣ ಎಂದಿತು. ಅಪ್ಪ ಅಮ್ಮ ಎಷ್ಟು ಓದಿದ್ದರು, ಮನೆಯ ಆದಾಯ ಎಷ್ಟು, ಊರಿಗೆ ಡಾಕ್ಟರ್ ಇದ್ದರಾ, ಓದುವಾಗ ಮನೆಗೆ ದುಡಿದು ಹಾಕಿದ್ದಾನಾ ಎಂಬ ಇಂಥ ಪ್ರಶ್ನೆಗಳಿಗೂ ಪ್ರವೇಶದಲ್ಲಿ ಲೆಕ್ಕ ಇಟ್ಟಿತು. ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ವೈದ್ಯಕೀಯಕ್ಕೆ ನೇರ ದಾರಿ ಮಾಡಿಕೊಡುವ ‘ಅವೆನ್ಯೂ ಎಂ’ ಎಂಬ ಯೋಜನೆಯನ್ನೂ ನಡೆಸುತ್ತಿದೆ. 2023ರ ಹೊತ್ತಿಗೆ ಅದರ ಹೊಸ ತರಗತಿಯ 133 ಮಂದಿಯಲ್ಲಿ ನೂರಕ್ಕೆ 30 ಲ್ಯಾಟಿನೊ, 14 ಕಪ್ಪು ವಿದ್ಯಾರ್ಥಿಗಳು. 1968ರ ಐವತ್ತರ ಪಕ್ಕ ಇದನ್ನಿಟ್ಟು ನೋಡಿ. ಹುಡುಗರು ಬದಲಾಗಲಿಲ್ಲ, ಬಾಗಿಲು ಬದಲಾಯಿತು.

ನಾನು ಹೇಳಬೇಕಾದದ್ದು ಇಷ್ಟೇ. ಸಹಾಯದಲ್ಲಿ ಎರಡು ಜಾತಿ ಇದೆ. ಒಂದು, ಹುಡುಗಿಯನ್ನು ತಿದ್ದುವ ಸಹಾಯ. ಅವಳಿಗೆ ಸಂದರ್ಶನದಲ್ಲಿ ಹೇಗೆ ಮಾತಾಡಬೇಕು ಅಂತ ಕಲಿಸುವುದು, ಧೈರ್ಯ ಬೆಳೆಸಿಕೋ ಅಂತ ಭಾಷಣ ಮಾಡುವುದು, ಒಂದು ದಿನ ಬಿಳಿ ಕೋಟು ಹಾಕಿಸಿ ಫೋಟೋ ತೆಗೆಸುವುದು. ಇದರ ಒಳಗೆ ಅವಳಲ್ಲೇ ಏನೋ ಕೊರತೆ ಇದೆ ಎಂಬ ಮಾತು ಅಡಗಿದೆ. ಇನ್ನೊಂದು, ಬಾಗಿಲನ್ನು ತಿದ್ದುವುದು. ಓದಿದ ಕ್ರೆಡಿಟ್ಟುಗಳನ್ನು ಪೂರ್ತಿ ಒಪ್ಪಿಕೊಳ್ಳುವುದು, ಪರೀಕ್ಷೆಯ ಮತ್ತು ಅರ್ಜಿಯ ಫೀಜಿನಿಂದ ಮುಕ್ತಿ ಕೊಡುವುದು, ಓದುವ ಕಾಲಕ್ಕೆ ಮನೆ ನಡೆಯುವಷ್ಟು ಹಣ ಕೊಡುವುದು, ಕಮ್ಯುನಿಟಿ ಕಾಲೇಜನ್ನು ಕಳಂಕ ಎನ್ನದೆ ಅನುಭವ ಎಂದು ಎಣಿಸುವುದು. ಮೊದಲನೆಯದು ಎರಡನೆಯದರ ಜೊತೆ ಬಂದರೆ ಬರಲಿ. ಒಂಟಿಯಾಗಿ ಬಂದರೆ ಅದು ಕ್ಲಾರ್ಕ್ ಹೇಳಿದ ತಣ್ಣೀರೇ, ಸ್ವಲ್ಪ ಬೆಚ್ಚಗೆ ಮಾಡಿದ್ದು.

ಇದು ಅವಳೊಬ್ಬಳ ನೌಕರಿಯ ಪ್ರಶ್ನೆಯೂ ಅಲ್ಲ. ಓಕ್‌ಲ್ಯಾಂಡ್‌ನಲ್ಲೇ ಸಂಶೋಧಕರು ಕಪ್ಪು ಗಂಡಸರ ಮೇಲೆ ಒಂದು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಎದುರಿಗೆ ಕಪ್ಪು ಡಾಕ್ಟರ್ ಕೂತಾಗ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಪರೀಕ್ಷೆಗಳಿಗೆ ಹೆಚ್ಚು ಜನ ಒಪ್ಪಿದರು. ಮೈ ಮುಟ್ಟುವವನ ಮೇಲೆ ನಂಬಿಕೆ ಇರಬೇಕಲ್ಲ! ಪ್ಯಾಂಥರುಗಳು ಇದನ್ನು ಯಾವ ಅಧ್ಯಯನವೂ ಇಲ್ಲದೆ ತಿಳಿದಿದ್ದರು. 1970ರಿಂದ ಅವರು ಊರೂರಲ್ಲಿ ಉಚಿತ ಚಿಕಿತ್ಸಾಲಯ ತೆರೆದರು. ಕಪ್ಪು ಜನರನ್ನು ಕಾಡುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯನ್ನು ಸರ್ಕಾರ ಕಡೆಗಣಿಸಿದ್ದಾಗ, ತಾವೇ ಜನರ ಪರೀಕ್ಷೆಗೆ ನಿಂತರು. ಅವರು ಯಾರ ಸಹಾಯಕ್ಕೂ ಕಾಯಲಿಲ್ಲ.

ಇಲ್ಲಿ ನಮ್ಮ ಪಾಲೂ ಒಂದಿದೆ. 1965ರ ವಲಸೆ ಕಾನೂನಿನ ಮೇಲೆ ಅಮೆರಿಕ ಹೊರದೇಶದ ಡಾಕ್ಟರುಗಳಿಗೆ ಬಾಗಿಲು ತೆರೆಯಿತು. ಈಗ ಅಲ್ಲಿನ ಡಾಕ್ಟರುಗಳಲ್ಲಿ ಸುಮಾರು ಕಾಲು ಭಾಗ ಹೊರದೇಶದಲ್ಲಿ ಓದಿದವರು. ಅವರಲ್ಲಿ ಬೇರೆಲ್ಲ ದೇಶಗಳಿಗಿಂತ ಹೆಚ್ಚು ಜನರನ್ನು ಕೊಟ್ಟ ದೇಶ ಭಾರತ. ಕರ್ನಾಟಕದ ಕಾಲೇಜುಗಳಲ್ಲಿ ಓದಿ ಹೋದವರೂ ಅದರಲ್ಲಿದ್ದಾರೆ. ಅಂದರೆ ತನ್ನದೇ ಕೇರಿಯ ಮಕ್ಕಳನ್ನು ಓದಿಸುವ ಬದಲು, ನಮ್ಮ ರೈತ ಕೂಲಿಗಳ ತೆರಿಗೆಯಲ್ಲಿ ಓದಿದ ಡಾಕ್ಟರನ್ನು ತರಿಸಿಕೊಳ್ಳುವುದು ಆ ಶ್ರೀಮಂತ ದೇಶಕ್ಕೆ ಅಗ್ಗವಾಯಿತು. ಓಕ್‌ಲ್ಯಾಂಡಿನ ಹುಡುಗಿಗೆ ಸೀಟಿಲ್ಲ, ನಮ್ಮ ಹಳ್ಳಿಯ ಆಸ್ಪತ್ರೆಗೆ ಡಾಕ್ಟರಿಲ್ಲ. ಎರಡೂ ಒಂದೇ ವ್ಯಾಪಾರದ ಎರಡು ಕಡೆ.

ಗೆಳೆಯರೆ, ಮೇಷ್ಟ್ರೆ, ನಿಮ್ಮ ತರಗತಿಯಲ್ಲಿ ಯಾವಳೋ ಒಬ್ಬಳು ಎದ್ದು ನಿಂತು ಡಾಕ್ಟರಾಗ್ತೀನಿ ಸಾರ್ ಅಂದರೆ ನಗಬೇಡಿ. ಸಾಕಮ್ಮಾ, ಬೇರೆ ಏನಾದರೂ ಮಾಡು ಅಂತ ಅಕ್ಕರೆಯಿಂದಲೂ ಹೇಳಬೇಡಿ. ಆ ಅಕ್ಕರೆ ಯಾರ ಕೆಲಸ ಮಾಡಿಕೊಡುತ್ತದೆ ಅಂತ ಕ್ಲಾರ್ಕ್ ಅರವತ್ತು ವರ್ಷಕ್ಕೂ ಹಿಂದೆ ಬರೆದಿಟ್ಟಿದ್ದಾನೆ. ಅವಳಿಗೆ ವಿಜ್ಞಾನದ ಪುಸ್ತಕ ಕೊಡಿ, ಅರ್ಜಿಯ ಕೊನೆಯ ತಾರೀಖು ಹೇಳಿ, ಫೀಜಿಗೆ ಯಾರ ಬಾಗಿಲು ಬಡಿಯಬೇಕೋ ಅವಳ ಜೊತೆ ಹೋಗಿ ಬಡಿಯಿರಿ.