ತೋಟದಡಿಯ ಖಾಲಿ ಪೈಪು

ಹೊಸ ಮನೆಗಳ ಬಗ್ಗೆ ಬರುವ ಬರಹಗಳಲ್ಲಿ 'ಒಂದು ವೈರೂ ಕಣ್ಣಿಗೆ ಬೀಳುವುದಿಲ್ಲ' ಎನ್ನುವುದು ಈಗ ಹೊಗಳಿಕೆಯ ಕಾಯಂ ವಾಕ್ಯ. ಗೋಡೆಯ ಮಟ್ಟಿಗೆ ಅದು ನ್ಯಾಯವೇ. ಅದನ್ನೇ ಕೈತೋಟಕ್ಕೂ ಎಳೆದು ತಂದು, ಗೇಟಿನ ದೀಪ, ಕಾಂಪೌಂಡಿನ ಕ್ಯಾಮರಾ, ಸಂಪಿನ ಮೋಟಾರು, ಗಿಡಗಳ ಡ್ರಿಪ್ಪು ಎಲ್ಲವೂ ನೆಲದಡಿ ಹೋಗಿವೆ ಎಂದು ಮೆಚ್ಚುವವರ ಜೊತೆ ನನ್ನ ತಕರಾರಿದೆ. ಅಡಗಿಸುವುದರಲ್ಲಿ ಯಾವ ಹೆಚ್ಚುಗಾರಿಕೆ? ಗೇಣುದ್ದ ಅಗೆದು ಕೇಬಲ್ ಮಲಗಿಸಿ, ಮಣ್ಣೆಳೆದು ಪೇವರ್ ಕೂರಿಸಿದರೆ ಗೃಹಪ್ರವೇಶದ ದಿನ ಯಾವ ತೋಟವೂ ಚೆನ್ನಾಗಿಯೇ ಕಾಣುತ್ತದೆ. ನೆಲದಡಿಯ ಕೇಬಲ್‌ಗಳಿಗಿರುವ ನಮ್ಮ ಮಾನಕ ಐಎಸ್ 1255, ಮನೆಗೆ ಬರುವ ವೋಲ್ಟೇಜಿಗೂ ಮುಕ್ಕಾಲು ಮೀಟರು ಆಳ ಹೇಳುತ್ತದೆ. ಮಲ್ಲಿಗೆ ಗಿಡದ ಪಾತಿ ಮಾಡುವಾಗಲೇ ಗುದ್ದಲಿಗೆ ಸಿಗುವ ಕೇಬಲ್ಲನ್ನು ಯಾವ ಧೈರ್ಯದ ಮೇಲೆ ಹೊಗಳುತ್ತಾರೋ ಕಾಣೆ.

ಹೊಗಳಬೇಕಾದದ್ದು ಬೇರೆ ಇದೆ. ಪಾಯ ತುಂಬುವ ಹೊತ್ತಿಗೇ ಪ್ಲಿಂತ್ ಬೀಮಿನ ಕೆಳಗೆ ತೂರಿಸಿ, ಕಾರು ನಿಲ್ಲುವ ಜಾಗಕ್ಕೆ ಕಾಂಕ್ರೀಟು ಬೀಳುವ ಮೊದಲೇ ಅಡ್ಡಲಾಗಿ ಹಾಯಿಸಿ, ನಾಳೆ ಅಗೆಯದೆ ಕೇಬಲ್ ಎಳೆದುಕೊಳ್ಳಲೆಂದು ಎರಡೂ ಬಾಯಿಗೆ ಮುಚ್ಚಳ ಹಾಕಿಟ್ಟ ಖಾಲಿ ಪೈಪು. ಸೈಟಿನಲ್ಲಿ ಅದಕ್ಕೆ ಸ್ಲೀವ್ ಅನ್ನುತ್ತಾರೆ. ಒಳಗೆ ಒಂದು ನೈಲಾನ್ ದಾರ ಬಿಟ್ಟು ಏನೂ ಇಲ್ಲದ ಆ ಪೈಪನ್ನು ಫೋಟೋ ತೆಗೆದು ಯಾರೂ ಅಚ್ಚು ಹಾಕಿಸಿಲ್ಲ.

ಆದರೆ ಸ್ಲೀವ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದರ ಗುಣ ಗೊತ್ತಾಗುವುದು ತಿರುವಿನಲ್ಲಿ. ಗೋಡೆಯ ಬುಡದಲ್ಲಿ ಪೈಪು ಕೆಳಗಿಳಿದು ಅಡ್ಡಕ್ಕೆ ಹೊರಳುವಲ್ಲಿ, ಕೈಗೆ ಸಿಕ್ಕಿತೆಂದು ಪ್ಲಂಬರ್ ಒಂದು ಎಲ್ಬೋ ಅಂಟಿಸುತ್ತಾನೆ. ನೀರಿಗೆ ಅದು ಸಾಕು. ಕೇಬಲ್ಲಿಗೆ ಬಿಗಿತವಿದೆ, ಎಲ್ಬೋದ ಒಳಅಂಚು ಅದರ ಹೊದಿಕೆಯನ್ನು ಹೆರೆಯುತ್ತದೆ. ಹಾಗಾಗಿ ಉದ್ದ ಬೆಂಡ್ ಹಾಕಿ ಎನ್ನುವುದು ಎಲ್ಲರೂ ಹೇಳುವ ಬುದ್ಧಿಮಾತು. ಸರಿಯೇ, ಆದರೆ ಅರ್ಧ ಮಾತ್ರ ಸರಿ. ಪ್ರತಿ ತಿರುವಿನಲ್ಲೂ ಎಳೆತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.5 ಎಂದಿಟ್ಟುಕೊಳ್ಳಿ: ಒಂದು ಲಂಬಕೋನದ ತಿರುವು ದಾಟಿದ ಮೇಲೆ ಎಳೆತ ಸುಮಾರು 2.2 ಪಟ್ಟು, ಎರಡಕ್ಕೆ 4.8, ಮೂರಕ್ಕೆ ಹತ್ತಕ್ಕೂ ಮೇಲೆ. ಬೆಂಡ್ ಎಷ್ಟೇ ಉದ್ದವಿರಲಿ, ಈ ಲೆಕ್ಕ ಬದಲಾಗದು. ಗೋಡೆಯ ಬುಡದಲ್ಲೊಂದು, ಮನೆಯ ಮೂಲೆ ಸುತ್ತಲು ಇನ್ನೊಂದು, ಗೇಟಿನ ಕಂಬದ ಬುಡದಲ್ಲಿ ಮತ್ತೊಂದು ಎಂದರೆ ಮೂರು ಆಗಿಯೇ ಹೋಯಿತು. ಆಮೇಲೆ ಎಲೆಕ್ಟ್ರಿಷಿಯನ್ ಸ್ಪ್ರಿಂಗ್ ತೂರಿಸಿ, ಸೋಪಿನ ನೀರು ಸುರಿದು, ಹುಡುಗರನ್ನು ಕರೆದು ಎಳೆಸಿದರೂ ಕೇಬಲ್ ಅಲುಗದಿದ್ದರೆ ಅವನನ್ನು ಬೈದು ಫಲವಿಲ್ಲ. ಮನೆಯ ಮೂಲೆಯಲ್ಲಿ ಒಂದು ಚೇಂಬರ್, ಅಂದರೆ ಕೇಬಲ್ಲನ್ನು ಹೊರಗೆಳೆದು ಮತ್ತೆ ತೂರಿಸಬಹುದಾದ ಮುಚ್ಚಳದ ಗುಂಡಿ, ಕಟ್ಟಿದ್ದರೆ ಗುಣಾಕಾರ ಅಲ್ಲಿಗೇ ಕಡಿದುಹೋಗುತ್ತಿತ್ತು, ಎಳೆತ ಮತ್ತೆ ಮೊದಲಿಂದ ಶುರುವಾಗುತ್ತಿತ್ತು.

ಚೇಂಬರ್ ಕಟ್ಟುವವರೂ ಕೊನೆಯಲ್ಲಿ ಎಡವುತ್ತಾರೆ. ಮೇಸ್ತ್ರಿ ಪ್ರೀತಿಯಿಂದ ತಳಕ್ಕೆ ಸಿಮೆಂಟು ಬಳಿದು ನುಣ್ಣಗೆ ಮಾಡುತ್ತಾನೆ. ಮೊದಲ ಮಳೆಗೆ ಅದು ಬಾನಿಯಾಗುತ್ತದೆ. ನೆಲದಡಿಯ ಪೈಪಿನೊಳಗೆ ನೀರು ಬಂದೇ ಬರುತ್ತದೆ, ಜಾಯಿಂಟಿನಲ್ಲಿ ಬಾರದಿದ್ದರೆ ಒಳಗಿನ ಗಾಳಿ ತಣಿದು ಬರುತ್ತದೆ. ತಳದಲ್ಲಿ ಬರೀ ಜಲ್ಲಿ ಇರಬೇಕು, ಪೈಪು ಚೇಂಬರಿನ ಕಡೆಗೆ ಇಳಿಜಾರಿರಬೇಕು. ಕೇಬಲ್ಲೂ ಒದ್ದೆಯಲ್ಲಿ ಬಾಳುವ ಜಾತಿಯದ್ದೇ ಆಗಬೇಕು.

ಇದಕ್ಕೆಲ್ಲ ಜಾಗವಿಲ್ಲ ಎನ್ನುವ ಆಕ್ಷೇಪಣೆಯನ್ನು ಅಷ್ಟಿಷ್ಟು ಒಪ್ಪೋಣ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ನಂತರ ಬೆಂಗಳೂರಿನಲ್ಲಿ ಹೊಸದಾಗಿ ಕಟ್ಟುವ ಮೂವತ್ತು-ನಲವತ್ತರ ಮನೆಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಬಿಡುವ ಮೂರಡಿ ಸೆಟ್‌ಬ್ಯಾಕಿನಲ್ಲೇ ಇಂಗುಗುಂಡಿ, ಸಂಪು, ಅರ್ಥ್ ಪಿಟ್ಟು, ಒಳಚರಂಡಿಯ ಚೇಂಬರು ಎಲ್ಲ ಕೂರಬೇಕು. ಇಷ್ಟು ಇಕ್ಕಟ್ಟಿದೆ ಎಂದೇ ಯಾವುದು ಎಲ್ಲಿ ಎಂದು ನಕ್ಷೆಯಲ್ಲಿ ಮೊದಲೇ ಬರೆದಿಡಬೇಕು ಎನ್ನುತ್ತೇನೆ. ಆಕ್ಷೇಪಿಸುವವರು ಅದೇ ಕಾರಣಕ್ಕೆ ಬರೆಯುವುದೇ ಬೇಡ ಅನ್ನುತ್ತಾರೆ.

ಇನ್ನೊಂದು ಬಣ ಹೆಚ್ಚು ಜಾಣರದು. ಈಗೆಲ್ಲ 12 ವೋಲ್ಟಿನ ದೀಪ, ಪೈಪು ಯಾಕೆ, ತೆಳು ವೈರು ಹುಲ್ಲಿನಡಿ ಸಿಕ್ಕಿಸಿದರೆ ಸಾಕು ಎಂಬ ವಾದ. ಶಾಕ್ ಹೊಡೆಯದು ಎಂಬಷ್ಟರ ಮಟ್ಟಿಗೆ ನಿಜ. ಇಪ್ಪತ್ತು ಮೀಟರು ದೂರದಲ್ಲಿ 50 ವ್ಯಾಟಿನಷ್ಟು ದೀಪಗಳನ್ನು 1.5 ಚದರ ಮಿ.ಮೀ. ತಾಮ್ರದಲ್ಲಿ ಉರಿಸಿ ನೋಡಲಿ. ಹೋಗಿಬರುವ ನಲವತ್ತು ಮೀಟರಿನಲ್ಲಿ ಸುಮಾರು 2 ವೋಲ್ಟು ಸೋರಿ, ಕೊನೆಯ ದೀಪ ಮಂಕಾಗುತ್ತದೆ. 230 ವೋಲ್ಟಿನಲ್ಲಿ ಅದೇ ಹೊರೆಗೆ ನಷ್ಟ ಲೆಕ್ಕಕ್ಕೇ ಬಾರದಷ್ಟು. ಅಂದರೆ ವೋಲ್ಟೇಜು ಇಳಿದಷ್ಟೂ ತಾಮ್ರ ದಪ್ಪಗಾಗಬೇಕು, ತಾಮ್ರ ದಪ್ಪವಾದಷ್ಟೂ ಪೈಪು ಅಗಲವಾಗಬೇಕು. ಜಾಣರು ಸಾಧಿಸಿದ್ದು ತಮ್ಮ ವಾದದ ಉಲ್ಟಾ. ವೈಫೈ ಕ್ಯಾಮರಾ ಬಂದಿದೆಯಲ್ಲ ಎನ್ನುವವರಿಗೆ ಉತ್ತರ ಇನ್ನೂ ಚಿಕ್ಕದು: ಅದಕ್ಕೂ ಕರೆಂಟು ಬೇಕು.

ನಗರ ವಿನ್ಯಾಸದ ನಮ್ಮ ವಿಮರ್ಶಕರೂ ಖಾಲಿ ಪೈಪಿನ ಈ ಮಹತ್ವವನ್ನು ಕಾಣಲಿಲ್ಲ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ರಸ್ತೆಗಳು ಬಂದಾಗ ವರ್ಷಗಟ್ಟಲೆ ಜಗಳ ನಡೆದದ್ದು ಖರ್ಚಿನ ಮೇಲೆ, ವಾಹನಗಳ ದಾರಿ ಕಿರಿದಾಯಿತೆಂಬುದರ ಮೇಲೆ. ಮೆಚ್ಚಿದವರು ಫುಟ್‌ಪಾತಿನ ಕಲ್ಲನ್ನು ಮೆಚ್ಚಿದರು. ಆ ಯೋಜನೆಯ ನಿಜವಾದ ವಿಚಾರ ಕಲ್ಲಿನ ಕೆಳಗಿತ್ತು: ವಿದ್ಯುತ್ತಿಗೂ ದೂರಸಂಪರ್ಕಕ್ಕೂ ಬೇರೆ ಬೇರೆ ಡಕ್ಟು, ನಡುನಡುವೆ ಚೇಂಬರು, ನಾಳೆ ಬರುವವನು ರಸ್ತೆ ಅಗೆಯದೆ ಎಳೆದುಕೊಳ್ಳಲಿ ಎಂಬ ಲೆಕ್ಕಾಚಾರ. ಮನೆಯ ಅಂಗಳಕ್ಕೆ ಬೇಕಾದದ್ದೂ ಅದೇ, ಅಳತೆ ಮಾತ್ರ ಸಣ್ಣದು. ಪರ ವಿರೋಧ ಎರಡೂ ಕಡೆಯವರು ನಡೆದಾಡಿ ಬಂದು ಬರೆದರು, ಮುಚ್ಚಳ ಎತ್ತಿ ನೋಡಲಿಲ್ಲ.

ದೋಷ ಮೇಸ್ತ್ರಿಯದೆಂದು ಕೈ ತೊಳೆದುಕೊಳ್ಳುವುದು ಅನ್ಯಾಯ. ಆರ್ಕಿಟೆಕ್ಟ್ ಕೊಡುವ ನಕ್ಷೆಯಲ್ಲಿ ಗೋಡೆಯಿಂದ ಕಾಂಪೌಂಡಿನವರೆಗೆ ಹಸಿರು ಬಣ್ಣ, ಮೂರು ದುಂಡನೆ ಮರ. ಪೈಪಿನ ಗೆರೆಯಿಲ್ಲ, ಆಳವಿಲ್ಲ, ಚೇಂಬರಿನ ಗುರುತಿಲ್ಲ. ತೋಟ ಆಮೇಲಿನ ಮಾತು, ಫೀಸಿನಲ್ಲಿ ಅದು ಸೇರಿಲ್ಲ ಎಂಬ ಅವರ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ದೇವರಮನೆಯ ಬಾಗಿಲಿನ ಗಂಟೆ ಎಲ್ಲೆಲ್ಲಿ ತೂಗಬೇಕೆಂದು ಪ್ರತ್ಯೇಕ ಹಾಳೆ ಬರೆದುಕೊಡುವವರು ಇದಕ್ಕೂ ಒಂದು ಹಾಳೆ ಕೊಡಬಹುದು.